ಕಂಟ್ರಿ ಸಂಗೀತ: ಅಂಗಡಿ ಕಟ್ಟಿದ ಹಳ್ಳಿಯ ಹಾಡು

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ರೂಪುಗೊಂಡು, 1920ರ ದಶಕದಿಂದೀಚೆಗೆ ಗ್ರಾಮಫೋನು ಮತ್ತು ರೇಡಿಯೋಗಳ ಮೂಲಕ ಹರಡಿದ ಹಾಡುಗಾರಿಕೆಗೆ ಕಂಟ್ರಿ ಸಂಗೀತ ಎಂದು ಹೆಸರು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳಿಂದ ವಲಸೆ ಬಂದವರ ಕಥನಗೀತೆ ಮತ್ತು ಪಿಟೀಲು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಬ್ಯಾಂಜೋ ಮತ್ತು ಬ್ಲೂಸ್, ಚರ್ಚಿನ ಸ್ತೋತ್ರಗಳು, ಹವಾಯಿ ದ್ವೀಪಗಳ ಸ್ಟೀಲ್ ಗಿಟಾರ್ ಎಲ್ಲವೂ ಇದರಲ್ಲಿ ಬೆರೆತಿವೆ. ತೊಡೆಯ ಮೇಲಿಟ್ಟು ಲೋಹದ ಸಲಾಕೆಯಿಂದ ಜಾರಿಸಿ ನುಡಿಸುವ ಆ ಹವಾಯಿಯನ್ ಗಿಟಾರೇ ಭಾರತಕ್ಕೂ ಬಂದು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿತು. ಅದರ ಪ್ರಸಿದ್ಧ ವಾದಕ ವಿಶ್ವಮೋಹನ ಭಟ್.

ಈ ಸಂಗೀತ ತನ್ನನ್ನು ಮನೆಯ ಜಗಲಿಯ ಕೂಸು ಎಂದು ಹೇಳಿಕೊಳ್ಳುತ್ತ ಬಂದಿದೆ. ಆದರೆ ಇದರ ಚರಿತ್ರೆಯ ದೊಡ್ಡ ಘಟನೆಗಳನ್ನು ಹುಡುಕುತ್ತ ಹೋದರೆ ಸಿಗುವುದು ಫರ್ನಿಚರ್ ಅಂಗಡಿ, ವಿಮಾ ಕಂಪನಿ, ಟೋಪಿ ಗೋದಾಮು, ನಕಲಿ ವೈದ್ಯನ ರೇಡಿಯೋ ಕೇಂದ್ರ. ಹಾಡುಗಳು ಹಳೆಯವು, ನಿಜ. ಅವುಗಳಿಗೆ ‘ಹಳೆಯ ಕಾಲದ್ದು’ ಎಂಬ ವೇಷ ತೊಡಿಸಿ ಮಾರಿದವರು ಮಾತ್ರ ಬಹಳ ಹೊಸ ಕಾಲದವರು. ಯಾರು ಈ ಸಂಗೀತದ ಒಳಗಿನವರು, ಯಾರು ಹೊರಗಿನವರು ಎಂಬ ಜಗಳವೂ ಅಲ್ಲಿಂದಲೇ ಶುರುವಾಯಿತು.

1922ರಲ್ಲಿ ಟೆಕ್ಸಸ್‌ನ ಪಿಟೀಲುಗಾರ ಎಕ್ ರಾಬರ್ಟ್‌ಸನ್ ತನ್ನ ಗೆಳೆಯ ಹೆನ್ರಿ ಗಿಲಿಲ್ಯಾಂಡ್ ಜೊತೆ ನ್ಯೂಯಾರ್ಕಿಗೆ ಹೋಗಿ ವಿಕ್ಟರ್ ಕಂಪನಿಗೆ ನುಡಿಸಿದ. ಕಂಟ್ರಿಯ ಮೊದಲ ಮುದ್ರಿಕೆಗಳೆಂದು ಸಾಮಾನ್ಯವಾಗಿ ಎಣಿಸುವುದು ಇವನ್ನೇ. ಮಾರುಕಟ್ಟೆಗೆ ಎಚ್ಚರವಾದದ್ದು ಮರುವರ್ಷ. ಆಗ ಗ್ರಾಮಫೋನು ಯಂತ್ರ ಮೇಜು ಬೀರುಗಳ ಪಕ್ಕದಲ್ಲಿ ನಿಲ್ಲುವ ಮನೆಯ ಸಾಮಾನಾದ್ದರಿಂದ ಫರ್ನಿಚರ್ ಅಂಗಡಿಗಳಲ್ಲಿ ಬಿಕರಿಯಾಗುತ್ತಿತ್ತು, ಹಾಡಿನ ತಟ್ಟೆಗಳೂ ಅಲ್ಲಿಯೇ ಸಿಗುತ್ತಿದ್ದವು. ಅಟ್ಲಾಂಟಾದಲ್ಲಿ ಅಂಥ ಅಂಗಡಿಯ ಪೋಕ್ ಬ್ರಾಕ್‌ಮನ್ ಎಂಬ ವ್ಯಾಪಾರಿ ಓಕೆ ಕಂಪನಿಯ ರಾಲ್ಫ್ ಪಿಯರ್‌ನನ್ನು ಕರೆಸಿ, ಬಟ್ಟೆ ಗಿರಣಿಯಲ್ಲಿ ದುಡಿದಿದ್ದ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಧ್ವನಿಮುದ್ರಿಸಲು ಹೇಳಿದ. 1923ರ ಜೂನ್‌ನಲ್ಲಿ, ನಸಾವು ಬೀದಿಯ ಖಾಲಿ ಕಟ್ಟಡವೊಂದರಲ್ಲಿ ಆ ಕೆಲಸ ನಡೆಯಿತು. ಪಿಯರ್‌ಗೆ ಆ ಕಂಠ ಒಂದಿಷ್ಟೂ ಹಿಡಿಸಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಕ್ರಮಾಂಕವನ್ನೂ ಕೊಡದೆ 500 ತಟ್ಟೆಗಳನ್ನು ಒತ್ತಿಸಿ ಬ್ರಾಕ್‌ಮನ್‌ಗೆ ಕಳಿಸಿ ಕೈತೊಳೆದುಕೊಂಡ. ಪಿಟೀಲುಗಾರರ ಸಮ್ಮೇಳನದಲ್ಲಿ ಅವು ಖರ್ಚಾಗಿ ಹೋದವು, ಮತ್ತೆ ಬೇಡಿಕೆ ಬಂತು. ಹಾಡು ಚೆನ್ನಾಗಿದೆಯೇ ಎಂಬುದಕ್ಕಿಂತ ಕೊಳ್ಳುವವರು ಇದ್ದಾರೆಯೇ ಎಂಬುದು ಮುಖ್ಯ ಎಂದು ಪಿಯರ್‌ಗೆ ಆಗ ಅರ್ಥವಾಗಿರಬೇಕು. ಕಾರ್ಸನ್‌ನನ್ನು ಅದೇ ವರ್ಷ ನ್ಯೂಯಾರ್ಕಿಗೆ ಕರೆಸಿ ಇನ್ನಷ್ಟು ಹಾಡಿಸಲಾಯಿತು. ಅಟ್ಲಾಂಟಾದ ಆ ಕಟ್ಟಡವನ್ನು 2019ರಲ್ಲಿ ಹೋಟೆಲ್ ಯೋಜನೆಯೊಂದಕ್ಕಾಗಿ ಕೆಡವಲಾಯಿತು.

ರೇಡಿಯೋದ ಕಥೆಯಲ್ಲಿ ಫರ್ನಿಚರ್ ಅಂಗಡಿಯ ಜಾಗದಲ್ಲಿ ವಿಮಾ ಕಂಪನಿ ಬರುತ್ತದೆ. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ನ್ಯಾಶನಲ್ ಲೈಫ್ ಅಂಡ್ ಆಕ್ಸಿಡೆಂಟ್ ವಿಮಾ ಕಂಪನಿ 1925ರಲ್ಲಿ ಡಬ್ಲ್ಯು.ಎಸ್.ಎಂ. ಎಂಬ ಕೇಂದ್ರ ತೆರೆಯಿತು. ಲಕ್ಷಾಂತರ ಜನರಿಗೆ ನಾವೇ ರಕ್ಷೆ ಎಂಬ ಅರ್ಥದ ಕಂಪನಿಯ ಘೋಷಣೆಯ ಮೊದಲಕ್ಷರಗಳೇ ಆ ಹೆಸರು. ಷಿಕಾಗೋದ ‘ನ್ಯಾಶನಲ್ ಬಾರ್ನ್ ಡ್ಯಾನ್ಸ್’ ಎಂಬ ಜನಪ್ರಿಯ ಕಾರ್ಯಕ್ರಮದಲ್ಲಿ ಪಳಗಿದ್ದ ಜಾರ್ಜ್ ಹೇ ಎಂಬ ನಿರೂಪಕ ಇಲ್ಲಿಗೆ ಬಂದು, ಅದೇ ವರ್ಷದ ನವೆಂಬರ್ 28ರ ಶನಿವಾರ ರಾತ್ರಿ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಮುದುಕನನ್ನು ಮೈಕಿನ ಮುಂದೆ ಕೂರಿಸಿ ಪಿಟೀಲು ನುಡಿಸಲು ಹೇಳಿದ. ಎಪ್ಪತ್ತೇಳರ ಆಸುಪಾಸಿನ ಆ ವೃದ್ಧನ ಕಛೇರಿಯಿಂದ ಆರಂಭವಾದ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಕಂಪನಿಯ ಏಜೆಂಟರಿಗಂತೂ ಅದು ಮನೆಮನೆಯ ಬಾಗಿಲು ತೆರೆಸುವ ಕೀಲಿಯಾಯಿತು.

ಅದಕ್ಕೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಹೆಸರು ಬಿದ್ದದ್ದು 1927ರ ಡಿಸೆಂಬರಿನಲ್ಲಿ. ಆ ಸಂಜೆ ಇದಕ್ಕೂ ಮೊದಲು ಪ್ರಸಾರವಾಗಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಅದರಲ್ಲಿ ರೈಲಿನ ಓಟವನ್ನು ವಾದ್ಯವೃಂದದಲ್ಲಿ ಮೂಡಿಸಿದ ಕೃತಿಯೂ ಇತ್ತು. ನಮ್ಮದೂ ಒಂದು ರೈಲು ಇದೆ ಎಂಬಂತೆ ಹೇ ಮುಂದೆ ಬಿಟ್ಟದ್ದು ಮೌತ್ ಆರ್ಗನ್ ವಾದಕ ಡಿಫೋರ್ಡ್ ಬೇಯ್ಲಿಯನ್ನು. ಆತ ನುಡಿಸಿದ್ದು ‘ಪ್ಯಾನ್ ಅಮೆರಿಕನ್ ಬ್ಲೂಸ್’, ಅಂಗೈಯಗಲದ ವಾದ್ಯದಲ್ಲಿ ಇಡೀ ಎಕ್ಸ್‌ಪ್ರೆಸ್ ರೈಲು. ಅದು ಮುಗಿದ ಮೇಲೆ ಹೇ, ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ ಎಂದು ಗೇಲಿ ಮಾಡಿ, ಹಳ್ಳಿಯ ಉಚ್ಚಾರದಲ್ಲಿ ತನ್ನ ಕಾರ್ಯಕ್ರಮಕ್ಕೆ ನಾಮಕರಣ ಮಾಡಿದ.

ಬೇಯ್ಲಿ ಕಪ್ಪು ವರ್ಣೀಯ. ಎಳವೆಯಲ್ಲಿ ಪೋಲಿಯೋ ತಗುಲಿ ಮೈ ಬೆಳೆದಿರಲಿಲ್ಲ. ಓಪ್ರಿಯ ಆರಂಭದ ವರ್ಷಗಳಲ್ಲಿ ಅತಿ ಹೆಚ್ಚು ಸಲ ನುಡಿಸಿದವರಲ್ಲಿ ಒಬ್ಬನಾಗಿದ್ದರೂ, ತಂಡ ಪ್ರವಾಸ ಹೋದಾಗ ದಕ್ಷಿಣದ ಹೋಟೆಲುಗಳಲ್ಲಿ ಆತನಿಗೆ ಕೋಣೆ ಸಿಗುತ್ತಿರಲಿಲ್ಲ. 1941ರಲ್ಲಿ ಆತನನ್ನು ಕಾರ್ಯಕ್ರಮದಿಂದ ತೆಗೆದರು. ಹಾಡುಗಳ ಹಕ್ಕುಸ್ವಾಮ್ಯದ ಸಂಘ ಮತ್ತು ರೇಡಿಯೋ ಕೇಂದ್ರಗಳ ನಡುವಿನ ಜಗಳದಿಂದ ಆತನ ಹಳೆಯ ಕೃತಿಗಳನ್ನು ನುಡಿಸಲು ಆಗುತ್ತಿರಲಿಲ್ಲ ಎಂಬುದು ಒಂದು ಕಾರಣ, ಹೊಸದನ್ನು ಕಲಿಯುವುದಿಲ್ಲ ಎಂಬುದು ಹೇ ಹೊರಿಸಿದ ಇನ್ನೊಂದು ಆರೋಪ. ಬೇಯ್ಲಿ ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ನಡೆಸಿಕೊಂಡಿದ್ದು 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್ ಆತನನ್ನು ಸೇರಿಸಿಕೊಂಡದ್ದು 2005ರಲ್ಲಿ.

ಒಳಗೆ ಉಳಿದವರಿಗೂ ವೇಷ ತಪ್ಪಲಿಲ್ಲ. ಡಾ. ಹಂಫ್ರಿ ಬೇಟ್ ಓದಿದ ವೈದ್ಯ, ವೃತ್ತಿ ನಡೆಸುತ್ತಿದ್ದವ. ಆತನ ವಾದ್ಯತಂಡದ ಆರಂಭದ ಫೋಟೋಗಳಲ್ಲಿ ಎಲ್ಲರೂ ಸೂಟು ಧರಿಸಿ ಗಂಭೀರವಾಗಿ ನಿಂತಿದ್ದಾರೆ. ಹೇ ಆ ತಂಡಕ್ಕೆ ‘ಪಾಸಮ್ ಹಂಟರ್ಸ್’ ಎಂದು ಬೇಟೆಗಾರರ ಹೆಸರಿಟ್ಟು, ಹೊಲದ ಕೆಲಸದ ಓವರಾಲ್ ತೊಡಿಸಿದ. ಓದಿದ ಡಾಕ್ಟರ್ ಹೀಗೆ ಪ್ರಚಾರಕ್ಕಾಗಿ ಕಾಡಿನವನಾದ.

ಪಿಯರ್ ಅಷ್ಟರಲ್ಲಿ ವಿಕ್ಟರ್ ಕಂಪನಿಗೆ ಬಂದಿದ್ದ. 1927ರ ಜುಲೈ ಕೊನೆಯಲ್ಲಿ ಧ್ವನಿಮುದ್ರಣ ಯಂತ್ರಗಳನ್ನು ಹೇರಿಕೊಂಡು ಬ್ರಿಸ್ಟಲ್ ಪಟ್ಟಣಕ್ಕೆ ಬಂದ. ಅದು ಟೆನೆಸಿ, ವರ್ಜೀನಿಯಾ ಎರಡೂ ರಾಜ್ಯಗಳಲ್ಲಿರುವ ಊರು, ಮುಖ್ಯ ಬೀದಿಯ ನಡುವೆಯೇ ಗಡಿರೇಖೆ. ಅಲ್ಲಿನ ಟೋಪಿ ಕಂಪನಿಯೊಂದರ ಗೋದಾಮನ್ನು ಬಾಡಿಗೆಗೆ ಪಡೆದು, ಜುಲೈ 25ರಿಂದ ಆಗಸ್ಟ್ 5ರವರೆಗೆ 19 ತಂಡಗಳಿಂದ 76 ಹಾಡುಗಳನ್ನು ಮುದ್ರಿಸಿಕೊಂಡ. ಮೊದಲು ಬಂದವರು ಕಡಿಮೆ. ಎರ್ನೆಸ್ಟ್ ಸ್ಟೋನ್‌ಮನ್ ಎಂಬ ಸ್ಥಳೀಯ ಹಾಡುಗಾರ ಹಿಂದಿನ ವರ್ಷ ರೆಕಾರ್ಡುಗಳಿಂದಲೇ 3,600 ಡಾಲರ್ ಗಳಿಸಿದ್ದಾನೆ ಎಂದು ಊರಿನ ಪತ್ರಿಕೆ ಬರೆದದ್ದೇ ತಡ, ಬೆಟ್ಟದ ಹಳ್ಳಿಗಳಿಂದ ಜನ ವಾದ್ಯ ಎತ್ತಿಕೊಂಡು ಬರತೊಡಗಿದರು.

ಆಗಸ್ಟ್ 1ರಂದು ಕಾರ್ಟರ್ ಕುಟುಂಬ ಬಂತು: ಎ.ಪಿ. ಕಾರ್ಟರ್, ಆತನ ಹೆಂಡತಿ ಸಾರಾ, ಸಾರಾಳ ಸೋದರ ಸಂಬಂಧಿಯೂ ಎ.ಪಿ.ಯ ತಮ್ಮನ ಹೆಂಡತಿಯೂ ಆದ ಮೇಬೆಲ್. ಮೇಬೆಲ್ ಆಗ ತುಂಬು ಗರ್ಭಿಣಿ, ವಯಸ್ಸು 18. ಹೆಬ್ಬೆರಳಿನಿಂದ ಗಿಟಾರಿನ ಮಂದ್ರದ ತಂತಿಗಳಲ್ಲಿ ರಾಗ ಹಿಡಿದು, ತೋರುಬೆರಳಿನಿಂದ ಉಳಿದ ತಂತಿಗಳನ್ನು ಮೀಟಿ ತಾಳ ಕೊಡುವ ಆಕೆಯ ವಿಧಾನವನ್ನು ‘ಕಾರ್ಟರ್ ಸ್ಕ್ರ್ಯಾಚ್’ ಎನ್ನುತ್ತಾರೆ. ಒಂದೇ ಗಿಟಾರ್ ಎರಡು ಗಿಟಾರಿನ ಕೆಲಸ ಮಾಡುತ್ತಿತ್ತು. ಅಲ್ಲಿಯವರೆಗೆ ಹಿನ್ನೆಲೆಯಲ್ಲಿ ತಾಳ ಹಿಡಿಯುತ್ತಿದ್ದ ವಾದ್ಯ ಕಂಟ್ರಿಯಲ್ಲಿ ಮುಂದಿನ ಸಾಲಿಗೆ ಬಂದದ್ದರಲ್ಲಿ ಆಕೆಯ ಬೆರಳುಗಳ ಪಾಲು ದೊಡ್ಡದು.

ಆಗಸ್ಟ್ 4ರಂದು ಬಂದವ ಜಿಮ್ಮಿ ರಾಜರ್ಸ್. ಮಿಸಿಸಿಪಿಯ ಮೆರಿಡಿಯನ್ ಊರಿನವ, ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದು ಕ್ಷಯರೋಗದಿಂದ ಆ ಕೆಲಸ ಬಿಟ್ಟವ. ಜೊತೆಗಿದ್ದ ವಾದ್ಯತಂಡ ಹಿಂದಿನ ರಾತ್ರಿಯೇ ಜಗಳವಾಡಿ ಬೇರೆಯಾಗಿತ್ತು, ಹಾಗಾಗಿ ಒಬ್ಬನೇ ಹಾಡಿದ. ನವೆಂಬರಿನಲ್ಲಿ ಮುದ್ರಿಸಿದ ‘ಬ್ಲೂ ಯೋಡಲ್’ ಆತನನ್ನು ದೇಶಕ್ಕೆಲ್ಲ ಪರಿಚಯಿಸಿತು. ಕಪ್ಪು ಜನರ ಬ್ಲೂಸ್‌ಗೆ ಆಲ್ಪ್ಸ್ ಪರ್ವತದ ಕೂಗನ್ನು ಪೋಣಿಸಿದ ಆ ಬೆರಕೆಗೆ ಬಿಳಿಯರು, ಕರಿಯರು ಇಬ್ಬರೂ ಒಲಿದರು. 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್ ಜೊತೆಗೂ ಆತ ಹಾಡಿದ. ಆತನ ತಟ್ಟೆಗಳು ಎಷ್ಟು ದೂರ ಹೋದವೆಂದರೆ, 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕ ಕೆನ್ಯಾದ ಕಿಪ್ಸಿಗಿಸ್ ಜನರ ಹಾಡು ಮುದ್ರಿಸಿಕೊಳ್ಳುವಾಗ, ‘ಚೆಮಿರೋಚಾ’ ಎಂದು ಅವರ ಬಾಯಲ್ಲಿ ರೂಪಾಂತರಗೊಂಡಿದ್ದ ರಾಜರ್ಸ್‌ನ ಹೆಸರಿನ ಹಾಡೇ ಸಿಕ್ಕಿತು. ಆ ಹೊತ್ತಿಗೆ ರಾಜರ್ಸ್ ತೀರಿಕೊಂಡು ಹದಿನೇಳು ವರ್ಷವಾಗಿತ್ತು. 1933ರ ಮೇನಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹಾಡು ಹಾಡಿಗೂ ನಡುವೆ ಮಂಚದಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತ ಕೊನೆಯ ಮುದ್ರಣ ಮುಗಿಸಿ, ಎರಡು ದಿನದ ಬಳಿಕ ಅದೇ ನಗರದಲ್ಲಿ ಅಸುನೀಗಿದ್ದ. ವಯಸ್ಸು 35.

ಬ್ರಿಸ್ಟಲ್‌ನ ಆ ಎರಡು ವಾರವನ್ನು ಕಂಟ್ರಿಯ ಹುಟ್ಟು ಎಂದು ಕರೆಯುವ ರೂಢಿಯಿದೆ, 1998ರಲ್ಲಿ ಅಮೆರಿಕದ ಸಂಸತ್ತೂ ಅದಕ್ಕೆ ಮೊಹರು ಒತ್ತಿತು. ಕಾರ್ಸನ್ ಮತ್ತು ಓಪ್ರಿಯ ದಿನಾಂಕಗಳನ್ನು ನೋಡಿದವರಿಗೆ ಅದು ಹುಟ್ಟು ಎನ್ನಿಸದು. ಅಲ್ಲಿ ಹುಟ್ಟಿದ್ದು ವ್ಯಾಪಾರದ ಒಂದು ಪದ್ಧತಿ. ಪಿಯರ್‌ನ ಗಳಿಕೆ ಇದ್ದದ್ದು ಹಾಡುಗಳ ಹಕ್ಕುಸ್ವಾಮ್ಯದಲ್ಲಿ, ಅದರಲ್ಲಿ ಹಾಡಿದವರಿಗೂ ಒಂದು ಪಾಲು. ಆದ್ದರಿಂದ ಆತನಿಗೆ ಬೇಕಿದ್ದದ್ದು ಕೇಳಲು ಹಳೆಯದಾಗಿ, ಕಾಗದದಲ್ಲಿ ಹೊಸದಾಗಿ ನೋಂದಾಯಿಸಬಹುದಾದ ಹಾಡು. ಎ.ಪಿ. ಕಾರ್ಟರ್ ಅಂಥವನ್ನು ಹುಡುಕುತ್ತ ಬೆಟ್ಟಗುಡ್ಡ ಅಲೆದ. ಆತನ ಜೊತೆ ಊರೂರು ತಿರುಗಿದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ. ಎ.ಪಿ. ಸಾಹಿತ್ಯ ಬರೆದುಕೊಂಡರೆ ರಿಡಲ್ ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ತಟ್ಟೆಯ ಮೇಲೆ ಅಚ್ಚಾದದ್ದು ಎ.ಪಿ.ಯ ಹೆಸರು ಮಾತ್ರ.

1938ರ ಹೊತ್ತಿಗೆ ಕಾರ್ಟರ್ ಕುಟುಂಬ ಮೆಕ್ಸಿಕೋ ಗಡಿಯಾಚೆಯ ರೇಡಿಯೋ ಕೇಂದ್ರದಿಂದ ಹಾಡುತ್ತಿತ್ತು. ಅದರ ಒಡೆಯ ಜಾನ್ ಬ್ರಿಂಕ್ಲಿ, ಗಂಡಸರಿಗೆ ಮೇಕೆಯ ವೃಷಣ ಕಸಿ ಮಾಡಿ ಪೌರುಷ ಮರಳಿಸುತ್ತೇನೆಂದು ಹಣ ಮಾಡಿದ ನಕಲಿ ವೈದ್ಯ. ಅಮೆರಿಕದ ಕಾನೂನಿಗೆ ಸಿಗದ ಆ ಕೇಂದ್ರದ ದೈತ್ಯ ಶಕ್ತಿಯಿಂದ ಕಾರ್ಟರ್‌ಗಳ ಧ್ವನಿ ದೇಶದ ಬಹುಭಾಗ ತಲುಪಿತು.

ಇದೇ ದಶಕದಲ್ಲಿ ಜೀನ್ ಆಟ್ರಿ ಸಿನಿಮಾದಲ್ಲಿ ಹಾಡುವ ಕೌಬಾಯ್ ಆದ, ಬಾಬ್ ವಿಲ್ಸ್ ಪಿಟೀಲಿಗೆ ಜಾಝ್ ಸೇರಿಸಿ ಟೆಕ್ಸಸ್‌ನ ನೃತ್ಯಶಾಲೆಗಳನ್ನು ಕುಣಿಸಿದ. 1945ರ ಡಿಸೆಂಬರಿನಲ್ಲಿ ಮೂರು ಬೆರಳಿನಿಂದ ಬ್ಯಾಂಜೋ ಮೀಟುವ ಅರ್ಲ್ ಸ್ಕ್ರಗ್ಸ್ ಬಿಲ್ ಮನ್ರೋ ತಂಡಕ್ಕೆ ಸೇರಿದಾಗ ಬ್ಲೂಗ್ರಾಸ್ ಎಂಬ ಮಿಂಚಿನ ವೇಗದ ಶೈಲಿ ಗಟ್ಟಿಯಾಯಿತು. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ, ಹಿಲ್‌ಬಿಲಿ ಎಂಬ ಗಮಾರ ಹಣೆಪಟ್ಟಿ ಅಂಟಿದ್ದ ಈ ಸಂಗೀತದ ಜನಪ್ರಿಯತೆಯ ಪಟ್ಟಿಗೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಅಚ್ಚು ಹಾಕಿತು.

ಅದೇ ವರ್ಷದ ಜೂನ್ 11ರಂದು ಓಪ್ರಿಗೆ ಕಾಲಿಟ್ಟ ಹ್ಯಾಂಕ್ ವಿಲಿಯಮ್ಸ್, ‘ಲವ್‌ಸಿಕ್ ಬ್ಲೂಸ್’ ಹಾಡನ್ನು ಸಭಿಕರ ಒತ್ತಾಯಕ್ಕೆ ಮತ್ತೆ ಮತ್ತೆ ಹಾಡಬೇಕಾಯಿತು. ಅಲಬಾಮಾದ ಈ ಬಡ ಹುಡುಗನಿಗೆ ಗಿಟಾರ್ ಕಲಿಸಿದವನು ಬೀದಿಯಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಸಂಗೀತಗಾರ. ಮದ್ಯಪಾನ ನಿಷೇಧ ತೆರವಾದ ಮೇಲೆ ಹೆಜ್ಜೆಗೊಂದರಂತೆ ಎದ್ದ ‘ಹಾಂಕಿ ಟಾಂಕ್’ ಕುಡಿಕೆಮನೆಗಳಲ್ಲಿ ಗದ್ದಲವನ್ನು ಮೀರಿ ಕೇಳಿಸಲು ವಿದ್ಯುತ್ ಗಿಟಾರೇ ಬೇಕಿತ್ತು. ಹಾಡಿನ ವಸ್ತುವೂ ಬದಲಾಯಿತು, ತಾಯಿ ಮತ್ತು ತೊಟ್ಟಿಲುಗಳ ಜಾಗದಲ್ಲಿ ಮುರಿದ ಮದುವೆ, ಕುಡಿತ, ಕಳ್ಳ ಪ್ರೇಮ ಬಂದು ಕೂತವು. ವಿಲಿಯಮ್ಸ್ ಅದನ್ನೆಲ್ಲ ಬರೆದ, ಬಾಳಿದ. ಕುಡಿತದ ಕಾರಣಕ್ಕೆ 1952ರ ಆಗಸ್ಟ್‌ನಲ್ಲಿ ಓಪ್ರಿ ಆತನನ್ನು ಹೊರಹಾಕಿತು. 1953ರ ಜನವರಿ 1ರಂದು ಓಹಾಯೋದ ಕಛೇರಿಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಆತ ಸತ್ತದ್ದು ವೆಸ್ಟ್ ವರ್ಜೀನಿಯಾದಲ್ಲಿ ಗೊತ್ತಾಯಿತು. ವಯಸ್ಸು 29. ಈ ಲೋಕದಿಂದ ಜೀವಂತ ಪಾರಾಗುವುದಿಲ್ಲ ಎಂಬರ್ಥದ ಶೀರ್ಷಿಕೆಯ ಆತನ ಹಾಡು ಆಗಷ್ಟೇ ಪಟ್ಟಿ ಏರುತ್ತಿತ್ತು.

ಹಾಂಕಿ ಟಾಂಕ್‌ನ ಹಾಡುಗಳಲ್ಲಿ ತಪ್ಪೆಲ್ಲ ಹೆಣ್ಣಿನದೇ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ತನ್ನನ್ನು ಬಿಟ್ಟುಹೋದ ಹೆಂಗಸನ್ನು ದೂರಿ ಹಾಡಿದಾಗ, ಅದಕ್ಕೆ ಉತ್ತರವಾಗಿ ಬಂದದ್ದು ಕಿಟ್ಟಿ ವೆಲ್ಸ್ ಹಾಡಿದ ಗೀತೆ. ಹೆಣ್ಣು ಹಾಗಾಗಲು ದೇವರು ಕಾರಣನಲ್ಲ, ಮದುವೆಯಾಗಿಯೂ ಒಂಟಿಯಂತೆ ನಟಿಸುವ ಗಂಡಸರು ಕಾರಣ ಎಂಬುದು ಅದರ ತಿರುಳು. ವೆಲ್ಸ್ ಗಂಡ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದ ಗೃಹಿಣಿ, ಹಾಡುವುದನ್ನೇ ಬಿಡುವ ಯೋಚನೆಯಲ್ಲಿದ್ದವಳು, ಸ್ಟುಡಿಯೋದ 125 ಡಾಲರ್ ಸಂಭಾವನೆ ಸಿಗುತ್ತದಲ್ಲ ಎಂದು ಒಪ್ಪಿಕೊಂಡಿದ್ದಳು. ಎನ್‌ಬಿಸಿ ಜಾಲ ಅದನ್ನು ಪ್ರಸಾರ ಮಾಡಲಿಲ್ಲ, ಓಪ್ರಿಯೂ ಮೊದಲು ಬೇಡವೆಂದಿತು. ಹಾಡು ಮಾತ್ರ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಒಬ್ಬಂಟಿ ಗಾಯಕಿಯೊಬ್ಬಳಿಗೆ ಅದು ಮೊದಲ ಸಲ. ತಮಾಷೆಯೆಂದರೆ ಥಾಂಪ್ಸನ್‌ನ ದೂರು, ವೆಲ್ಸ್‌ಳ ಉತ್ತರ ಎರಡರ ಮಟ್ಟೂ ಒಂದೇ. ಅದಕ್ಕೂ ಮೊದಲು ರಾಯ್ ಏಕಫ್ ಎಂಬ ಗಾಯಕನ ಭಕ್ತಿಗೀತೆಗೂ, ಅದಕ್ಕೂ ಮೊದಲು ಕಾರ್ಟರ್ ಕುಟುಂಬದ ಪ್ರೇಮಗೀತೆಗೂ ಅದೇ ಮಟ್ಟು.

ಎಲ್ವಿಸ್ ಪ್ರೆಸ್ಲಿ 1954ರ ಅಕ್ಟೋಬರಿನಲ್ಲಿ ಓಪ್ರಿಯಲ್ಲಿ ಒಮ್ಮೆ ಹಾಡಿದ. ಸಭೆ ತಣ್ಣಗಿತ್ತು, ಮತ್ತೆ ಆತ ಅಲ್ಲಿ ಹಾಡಲಿಲ್ಲ. ರಾಕ್ ಅಂಡ್ ರೋಲ್ ಎಳೆಯರನ್ನೆಲ್ಲ ಸೆಳೆದೊಯ್ದಾಗ ನ್ಯಾಶ್‌ವಿಲ್‌ನ ನಿರ್ಮಾಪಕರಾದ ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿ ಮೊದಲಾದವರು ಪಿಟೀಲು ಬ್ಯಾಂಜೋಗಳನ್ನು ಬದಿಗಿಟ್ಟು, ವಾದ್ಯವೃಂದ ಮತ್ತು ಹಿನ್ನೆಲೆ ಗಾಯನದ ನುಣುಪು ಲೇಪಿಸಿ ಪೇಟೆಯ ದೊಡ್ಡವರಿಗೆ ಮಾರಿದರು. ಹಳ್ಳಿಯ ವೇಷ ಕಳಚಿ ಕೋಟು ತೊಡಿಸಿದ ಕಾಲ ಅದು. ವಿಲ್ಲಿ ನೆಲ್ಸನ್ ಬರೆದು 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ ಈ ಶೈಲಿಯ ಶಿಖರ. 1963ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಆಕೆ ಮಡಿದಾಗ ವಯಸ್ಸು 30.

1966ರಲ್ಲಿ ಆರ್‌ಸಿಎ ಕಂಪನಿ ಚಾರ್ಲಿ ಪ್ರೈಡ್ ಎಂಬ ಹೊಸಬನ ತಟ್ಟೆಯನ್ನು ರೇಡಿಯೋ ಕೇಂದ್ರಗಳಿಗೆ ಕಳಿಸುವಾಗ ಫೋಟೋ ಇಡಲಿಲ್ಲ. ಆತ ಮಿಸಿಸಿಪಿಯ ಗೇಣಿ ಒಕ್ಕಲಿನ ಮಗ, ಕಪ್ಪು ಆಟಗಾರರ ಬೇಸ್‌ಬಾಲ್ ಲೀಗಿನಲ್ಲಿ ಚೆಂಡೆಸೆದವ, ಬಾಲ್ಯದಿಂದ ಓಪ್ರಿಯನ್ನೇ ಕೇಳಿ ಬೆಳೆದವ. ಡೆಟ್ರಾಯಿಟ್‌ನ ದೊಡ್ಡ ಸಭೆಯಲ್ಲಿ ಹೆಸರು ಕರೆದಾಗ ಕೇಳಿಬಂದ ಚಪ್ಪಾಳೆ, ಆತ ಬೆಳಕಿಗೆ ಬಂದೊಡನೆ ನಿಂತೇಹೋಯಿತು. ತನ್ನ ಮೈಬಣ್ಣ ಬಿಸಿಲಿಗೆ ಕಾಯಂ ಆಗಿ ಕಂದಿದ್ದು ಎಂದು ಪ್ರೈಡ್ ಹಾಸ್ಯ ಮಾಡಿ ಹಾಡಲು ಶುರುಮಾಡಿದ. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ವರ್ಷದ ಕಲಾವಿದ ಪ್ರಶಸ್ತಿ ಕೊಟ್ಟಿತು. ಆದರೂ ಒಬ್ಬ ಪ್ರೈಡ್‌ನನ್ನು ಮುಂದಿಟ್ಟುಕೊಂಡು ಉದ್ಯಮ ಬಾಗಿಲು ತೆರೆದಿದ್ದೇವೆ ಎಂದುಕೊಂಡಿತು. ಲಿಂಡಾ ಮಾರ್ಟೆಲ್ 1969ರಲ್ಲಿ ಓಪ್ರಿಯಲ್ಲಿ ಹಾಡಿದ ಮೊದಲ ಕಪ್ಪು ಏಕವ್ಯಕ್ತಿ ಗಾಯಕಿ. ಆಕೆಯ ಏಕೈಕ ಆಲ್ಬಮ್ ಹೊರತಂದ ಕಂಪನಿಯ ಹೆಸರು ‘ಪ್ಲಾಂಟೇಶನ್’, ಗುಲಾಮರು ದುಡಿದ ತೋಟಗಳ ಹೆಸರು!

ಜಾನಿ ಕ್ಯಾಶ್ 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಸೆರೆಮನೆಯಲ್ಲಿ ಬೆಳಿಗ್ಗೆಯೇ ಹಾಡಿದ. ಮಾತ್ರೆಗಳ ಚಟದಿಂದ ಕುಸಿದಿದ್ದ ಆತನ ವೃತ್ತಿಜೀವನ ಆ ಕಛೇರಿಯ ಆಲ್ಬಮ್‌ನಿಂದ ಮರಳಿ ಎದ್ದಿತು. ಹಿಂದಿನ ದಿನವಷ್ಟೇ ಕೈಗೆ ಬಂದಿದ್ದ, ಗ್ಲೆನ್ ಶರ್ಲಿ ಎಂಬ ಕೈದಿ ರಚಿಸಿದ ಹಾಡನ್ನು ಕಲಿತು, ಮುಂದಿನ ಸಾಲಿನಲ್ಲಿ ಕೂತಿದ್ದ ಅವನೆದುರೇ ಹಾಡಿ ಬೆರಗುಗೊಳಿಸಿದ. ಕಂಟ್ರಿಯ ಅತ್ಯಂತ ‘ನೈಜ’ ಆಲ್ಬಮ್ ಎಂದು ಹೊಗಳಿಸಿಕೊಳ್ಳುವ ಇದರಲ್ಲೂ ಕೈಚಳಕವಿದೆ. ಕೊಲೆಯ ಮಾತು ಬರುವ ಸಾಲಿಗೆ ಕೈದಿಗಳು ಕೇಕೆ ಹಾಕುವುದು ಕೇಳುತ್ತದಲ್ಲ, ಅದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕಾವಲುಗಾರರ ಕಣ್ಣೆದುರು ಕೈದಿಗಳು ಆ ಸಾಲಿಗೆ ಸುಮ್ಮನೇ ಇದ್ದರು.

ಲೊರೆಟಾ ಲಿನ್ ಕೆಂಟಕಿಯ ಗಣಿ ಕಾರ್ಮಿಕನ ಮಗಳು, ಹದಿಹರೆಯದಲ್ಲೇ ಮದುವೆಯಾಗಿ ಇಪ್ಪತ್ತು ತುಂಬುವ ವೇಳೆಗೆ ಹಲವು ಮಕ್ಕಳ ತಾಯಿ. ಗರ್ಭನಿರೋಧಕ ಗುಳಿಗೆಯನ್ನು ಹೊಗಳಿದ ಆಕೆಯ ‘ದ ಪಿಲ್’ ಹಾಡನ್ನು ಕಂಪನಿ ಮೂರು ವರ್ಷ ತಡೆದಿಟ್ಟು 1975ರಲ್ಲಿ ಬಿಟ್ಟಿತು. ಹಲವು ಕೇಂದ್ರಗಳು ನಿಷೇಧಿಸಿದರೂ ಹಾಡು ಓಡಿತು. ಡಾಲಿ ಪಾರ್ಟನ್‌ಳ ಹಟ ಬೇರೆ ಬಗೆಯದು. 1974ರ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್ ಹಾಡಲು ಬಯಸಿದಾಗ ಆತನ ಮ್ಯಾನೇಜರ್ ಪ್ರಕಟಣೆಯ ಹಕ್ಕಿನ ಅರ್ಧ ಕೇಳಿದ. ಪಾರ್ಟನ್ ಒಲ್ಲೆ ಎಂದಳು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿ 14 ವಾರ ಮೊದಲ ಸ್ಥಾನದಲ್ಲಿ ನಿಲ್ಲಿಸಿದಾಗ ಪೂರ್ತಿ ಹಕ್ಕು ಪಾರ್ಟನ್‌ಳದೇ ಆಗಿತ್ತು. ಪಿಯರ್‌ನ ವ್ಯಾಪಾರದ ಪಾಠವನ್ನು ಹಾಡುಗಾರರಲ್ಲಿ ಆಕೆಯಷ್ಟು ಚೆನ್ನಾಗಿ ಕಲಿತವರು ವಿರಳ.

ನ್ಯಾಶ್‌ವಿಲ್‌ನ ನುಣುಪಿಗೆ ಬೇಸತ್ತ ವಿಲ್ಲಿ ನೆಲ್ಸನ್, ವೇಲನ್ ಜೆನಿಂಗ್ಸ್ ಗಡ್ಡ ಬಿಟ್ಟು ಬಂಡಾಯಗಾರರಾದರು. ಆ ಬಂಡಾಯವನ್ನೂ ರೆಕಾರ್ಡ್ ಕಂಪನಿ 1976ರಲ್ಲಿ ‘ವಾಂಟೆಡ್! ದಿ ಔಟ್‌ಲಾಸ್’ ಎಂಬ ಸಂಕಲನ ಮಾಡಿ ಮಾರಿತು. ಹತ್ತು ಲಕ್ಷ ಮಾರಾಟದ ಪ್ಲಾಟಿನಮ್ ಪ್ರಮಾಣಪತ್ರ ಪಡೆದ ಮೊದಲ ಕಂಟ್ರಿ ಆಲ್ಬಮ್ ಅದು.

ಮಾರಾಟದ ಮುಂದಿನ ದೊಡ್ಡ ಘಟನೆ ನಡೆದದ್ದು 1991ರಲ್ಲಿ, ಅದಕ್ಕೆ ಹಾಡುಗಾರನಷ್ಟೇ ಬಾರ್‌ಕೋಡ್ ಯಂತ್ರವೂ ಕಾರಣ. ಅಲ್ಲಿಯವರೆಗೆ ಯಾವ ಆಲ್ಬಮ್ ಎಷ್ಟು ಹೋಯಿತೆಂದು ಅಂಗಡಿಯ ನೌಕರರು ಅಂದಾಜಿನಲ್ಲಿ ಹೇಳುತ್ತಿದ್ದರು, ಕಂಟ್ರಿಯನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿದ್ದುದು ಕಡಿಮೆ. ಆ ವರ್ಷದ ಮೇನಲ್ಲಿ ಬಿಲ್‌ಬೋರ್ಡ್ ಸೌಂಡ್‌ಸ್ಕ್ಯಾನ್ ಎಂಬ ಗಣಕ ವ್ಯವಸ್ಥೆಗೆ ಬದಲಾಯಿತು. ಸೆಪ್ಟೆಂಬರಿನಲ್ಲಿ ಗಾರ್ಥ್ ಬ್ರೂಕ್ಸ್‌ನ ‘ರೋಪಿನ್ ದ ವಿಂಡ್’ ಎಲ್ಲ ಪ್ರಕಾರಗಳ ಒಟ್ಟು ಪಟ್ಟಿಯಲ್ಲಿ ಬಿಡುಗಡೆಯ ವಾರವೇ ಮೊದಲ ಸ್ಥಾನಕ್ಕೆ ಬಂದ ಪ್ರಥಮ ಕಂಟ್ರಿ ಆಲ್ಬಮ್ ಆಯಿತು. ಕೇಳುಗರು ಮೊದಲೂ ಇದ್ದರು, ಎಣಿಸಿದವರು ಇರಲಿಲ್ಲ.

ಆ ಕೇಳುಗರ ಕೋಪವೂ ದೊಡ್ಡದು. 2003ರ ಮಾರ್ಚ್ 10ರಂದು, ಇರಾಕ್ ಯುದ್ಧದ ಹೊಸ್ತಿಲಲ್ಲಿ, ಆಗ ಡಿಕ್ಸಿ ಚಿಕ್ಸ್ ಎಂದಿದ್ದ ಮಹಿಳಾ ತಂಡದ ನ್ಯಾಟಲಿ ಮೇನ್ಸ್ ಲಂಡನ್ನಿನ ವೇದಿಕೆಯಲ್ಲಿ, ಅಧ್ಯಕ್ಷ ಬುಷ್ ತಮ್ಮ ಟೆಕ್ಸಸ್‌ನವರೆಂಬುದಕ್ಕೆ ನಾಚಿಕೆಯಾಗುತ್ತದೆ ಎಂದಳು. ಕಂಟ್ರಿ ಕೇಂದ್ರಗಳು ತಂಡದ ಹಾಡು ನಿಲ್ಲಿಸಿದವು, ಲೂಸಿಯಾನಾದಲ್ಲಿ ಸಿ.ಡಿ.ಗಳನ್ನು ಟ್ರ್ಯಾಕ್ಟರ್ ಹತ್ತಿಸಿ ಪುಡಿ ಮಾಡಿದರು. 2007ರಲ್ಲಿ ತಂಡ ಐದು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು, ಕಂಟ್ರಿ ರೇಡಿಯೋ ಮಾತ್ರ ಮೊದಲಿನಂತೆ ಒಲಿಯಲಿಲ್ಲ.

2019ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಯುವಕನ ‘ಓಲ್ಡ್ ಟೌನ್ ರೋಡ್’ ಹಾಡನ್ನು, ಇಂದಿನ ಕಂಟ್ರಿಯ ಅಂಶಗಳು ಸಾಲದು ಎಂಬ ಕಾರಣ ಕೊಟ್ಟು ಕಂಟ್ರಿ ಪಟ್ಟಿಯಿಂದ ತೆಗೆಯಿತು. ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಜೊತೆ ಸೇರಿ ಹಾಡಿದ ಅದರ ಹೊಸ ಆವೃತ್ತಿಯೊಡನೆ ಹಾಡು ಒಟ್ಟು ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನ ಬಿಡಲಿಲ್ಲ. 2024ರಲ್ಲಿ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ಆಲ್ಬಮ್ ತಂದಳು. ಅದರ ‘ಟೆಕ್ಸಸ್ ಹೋಲ್ಡ್ ಎಮ್’ ಹಾಡಿನಲ್ಲಿ ಬ್ಯಾಂಜೋ ನುಡಿಸಿದವಳು ಆ ವಾದ್ಯದ ಆಫ್ರಿಕನ್ ಬೇರುಗಳ ಬಗ್ಗೆ ವರ್ಷಗಟ್ಟಲೆ ಹಾಡಿ, ಮಾತಾಡಿ ಬಂದ ರಿಯಾನನ್ ಗಿಡ್ಡನ್ಸ್. ಆಲ್ಬಮ್ಮಿನಲ್ಲಿ ಲಿಂಡಾ ಮಾರ್ಟೆಲ್‌ಳ ಧ್ವನಿಯೂ ಇದೆ. ಆ ವರ್ಷದ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಪ್ರಶಸ್ತಿಗಳಿಗೆ ಅದು ಒಂದು ವಿಭಾಗದಲ್ಲೂ ನಾಮನಿರ್ದೇಶನಗೊಳ್ಳಲಿಲ್ಲ. 2025ರ ಫೆಬ್ರುವರಿಯಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ ಮತ್ತು ಅತ್ಯುತ್ತಮ ಕಂಟ್ರಿ ಆಲ್ಬಮ್ ಎರಡೂ ಗ್ರ್ಯಾಮಿಗಳು ಅದಕ್ಕೇ ಬಂದವು. ನಾಲ್ಕೇ ತಿಂಗಳಲ್ಲಿ ಗ್ರ್ಯಾಮಿ ಸಂಸ್ಥೆ ಕಂಟ್ರಿ ಆಲ್ಬಮ್ ಪ್ರಶಸ್ತಿಯನ್ನು ‘ಸಾಂಪ್ರದಾಯಿಕ’ ಮತ್ತು ‘ಸಮಕಾಲೀನ’ ಎಂದು ಇಬ್ಭಾಗ ಮಾಡುವುದಾಗಿ ಪ್ರಕಟಿಸಿತು.